ಧ್ರುವದ ನೆತ್ತಿಗೊಂದು ಅಡ್ಡಗೆರೆ



ಒಂದೇ ವಸ್ತುವಿಗೆ ಎರಡು ಮೂರು ಹೆಸರಿರುವುದು ಗಡಿನಾಡಿನವರಾದ ನಮಗೆ ಹೊಸತೇನಲ್ಲ. ಧ್ರುವ ಪ್ರದೇಶದ ರಾತ್ರಿಯಾಕಾಶದಲ್ಲಿ ಹಸಿರು, ಕೆಂಪು ಬಣ್ಣಗಳಲ್ಲಿ ತೇಲಾಡುವ ಬೆಳಕನ್ನು ನಮ್ಮ ಕನ್ನಡ ಶಾಲೆಯ ಮಗು ‘ಧ್ರುವಪ್ರಭೆ’ ಎಂದು ಕಲಿಯುತ್ತದೆ. ಪಕ್ಕದ ಮನೆಯ ಮಗು ಮಲಯಾಳ ಶಾಲೆಯಲ್ಲಿ ಅದನ್ನೇ ‘ಧ್ರುವದೀಪ್ತಿ’ ಎಂದು ಕಲಿಯುತ್ತದೆ. ಹೆಸರು ಎರಡಾದರೂ ಬೆಳಕು ಒಂದೇ. ನಮ್ಮ ಕಾಸರಗೋಡು ಭೂಮಧ್ಯರೇಖೆಯಿಂದ ಬಡಗಿಗೆ ಹನ್ನೆರಡೂವರೆ ಡಿಗ್ರಿ ದೂರದಲ್ಲಿದೆ. ಆ ಬೆಳಕಾದರೋ ಧ್ರುವಗಳ ಆಸುಪಾಸಿನ ಸೊತ್ತು. ಬೇಕಲ ಕೋಟೆಯ ಮೇಲೆ ನಿಂತು ಎಷ್ಟು ರಾತ್ರಿ ಕಾದರೂ ಅದು ನಮಗೆ ಕಾಣಸಿಗುವಂಥದ್ದಲ್ಲ.

ಹಾಗಿದ್ದರೂ ಈ ಹೊತ್ತು ಆ ಬೆಳಕಿನ ಒಂದು ವಿಚಿತ್ರ ರೂಪದ ಚರಿತ್ರೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದಕ್ಕೆ ಕಾರಣಗಳು ಎರಡು. ಒಂದು, ಆ ಚರಿತ್ರೆಯ ಕೆಲವು ಪುಟಗಳು ಮುಂಬಯಿಯಲ್ಲಿ, ತಿರುವನಂತಪುರದಲ್ಲಿ, ನಮ್ಮ ಉಡುಪಿಯ ಸಮೀಪದ ಒಂದು ಹಳ್ಳಿಯಲ್ಲಿ ಬರೆಯಲ್ಪಟ್ಟಿವೆ. ಇನ್ನೊಂದು, ಆ ಬೆಳಕಿನ ಸುತ್ತ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದ ವಾದ ಮೂಲತಃ ಒಂದು ಗಡಿಯ ವಾದ. ಈ ತುಂಡು ಜಾಗ ಯಾವ ಕಡೆಗೆ ಸೇರಿದ್ದು ಎಂಬ ಪ್ರಶ್ನೆಯ ತೂಕ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಮೊದಲು ಆ ರೂಪ ಯಾವುದೆಂದು ಹೇಳುತ್ತೇನೆ. ಮಲಯಾಳದ ‘ಠ’ ಅಕ್ಷರವನ್ನು ಮನಸ್ಸಿಗೆ ತಂದುಕೊಳ್ಳಿ. ಅದೊಂದು ಬರಿಯ ಸೊನ್ನೆ. ಅಶೋಕನ ಕಾಲದ ಬ್ರಾಹ್ಮೀ ಲಿಪಿಯಲ್ಲೂ ‘ಠ’ ಹೀಗೆಯೇ ಇತ್ತು. ನಮ್ಮ ಕನ್ನಡದ ‘ಠ’ ಮಾತ್ರ ತಲೆಕಟ್ಟು ಧರಿಸಿ, ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟುಕೊಂಡಿದೆ. ಗ್ರೀಕರ ‘ಥೀಟಾ’ ಎಂಬ ಅಕ್ಷರವೂ ಸೊನ್ನೆಯೇ. ಅದರ ಹೊಟ್ಟೆಯಲ್ಲಿ ಈ ಅಂಚಿನಿಂದ ಆ ಅಂಚಿಗೆ ಒಂದು ಅಡ್ಡಗೆರೆ ಇದೆ. ಭೂಮಿಯ ಧ್ರುವದ ಮೇಲೆ ಬಹು ಎತ್ತರದಿಂದ ನೋಡಿದರೆ ಧ್ರುವಪ್ರಭೆ ಸಾಮಾನ್ಯವಾಗಿ ಮಲಯಾಳದ ‘ಠ’ದಂತೆ, ಬೆಳಕಿನ ಬಳೆಯಂತೆ ಕಾಣುತ್ತದೆ. ಬಳೆಯ ಒಳಗೆ ಕತ್ತಲು. ಆದರೆ ಅಪರೂಪಕ್ಕೊಮ್ಮೆ ಆ ಕತ್ತಲಿನ ನಡುವೆ, ಹಗಲಿನ ಕಡೆಯಿಂದ ಇರುಳಿನ ಕಡೆಗೆ, ಸಾವಿರಾರು ಕಿಲೋಮೀಟರ್ ಉದ್ದದ ಬೆಳಕಿನ ಗೆರೆಯೊಂದು ಮೂಡುತ್ತದೆ. ಆಗ ‘ಠ’ ಹೋಗಿ ‘ಥೀಟಾ’ ಆಗುತ್ತದೆ. ಕತ್ತಲಿರಬೇಕಾದಲ್ಲಿ ಈ ಗೆರೆ ಹೇಗೆ ಬಂತು? ನಮ್ಮ ಕಥೆ ಇದೇ.

ಈ ಕಥೆಗೆ ಪೀಠಿಕೆ ದಿಕ್ಸೂಚಿಯಿಂದ ಆರಂಭ. ೧೭೪೧ರಲ್ಲಿ ಸ್ವೀಡನ್ ದೇಶದ ಉಪ್ಸಲಾ ನಗರದಲ್ಲಿ ಹಿಯೋರ್ಟರ್ ಎಂಬವರು, ಆಕಾಶದಲ್ಲಿ ಧ್ರುವಪ್ರಭೆ ಕಾಣಿಸಿಕೊಂಡ ರಾತ್ರಿ ಮೇಜಿನ ಮೇಲಿನ ಕಾಂತದ ಸೂಜಿಯೂ ತಳಮಳಿಸುವುದನ್ನು ಗಮನಿಸಿದರು. ಉಷ್ಣಮಾಪಕದಿಂದ ಹೆಸರಾದ ಸೆಲ್ಸಿಯಸ್ ಅವರ ಜೊತೆ ಕೆಲಸ ಮಾಡುತ್ತಿದ್ದವರು ಇವರು. ಬೆಳಕಿಗೂ ಭೂಮಿಯ ಕಾಂತಶಕ್ತಿಗೂ ನಂಟಿದೆಯೆಂಬುದಕ್ಕೆ ಅದೊಂದು ಗಟ್ಟಿ ಸಾಕ್ಷಿಯಾಯಿತು. ಅಲ್ಲಿಂದ ಮುಂದೆ ಲೋಕದ ಹಲವೆಡೆ ಕಾಂತದ ಸೂಜಿಯ ಅಲುಗಾಟವನ್ನು ಬರೆದಿಡುವ ವೀಕ್ಷಣಾಲಯಗಳು ಎದ್ದವು.

ಅವುಗಳಲ್ಲಿ ಒಂದು ನಮ್ಮ ಕೇರಳದಲ್ಲಿಯೇ ಇತ್ತು. ಸ್ವಾತಿ ತಿರುನಾಳ್ ಮಹಾರಾಜರ ಆಳ್ವಿಕೆಯಲ್ಲಿ, ೧೮೩೭ರಲ್ಲಿ, ತಿರುವನಂತಪುರದ ವೀಕ್ಷಣಾಲಯ ಸ್ಥಾಪನೆಯಾಯಿತು. ಸಂಗೀತದಲ್ಲಿ ಹೆಸರಾದ ಆ ಅರಸರಿಗೆ ನಕ್ಷತ್ರಗಳಲ್ಲೂ ಆಸಕ್ತಿ ಇತ್ತೆಂಬುದು ಹಲವರಿಗೆ ತಿಳಿಯದು. ೧೮೫೨ರಿಂದ ೧೮೬೫ರವರೆಗೆ ಅದರ ಮುಖ್ಯಸ್ಥರಾಗಿದ್ದ ಜಾನ್ ಅಲನ್ ಬ್ರೌನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ಅಗಸ್ತ್ಯಕೂಟ ಪರ್ವತದ ತುದಿಯಲ್ಲೂ ಉಪಕರಣಗಳನ್ನಿಟ್ಟು ಕಾಂತದ ಅಳತೆ ತೆಗೆದರು. ಕಾಂತದ ಭೂಮಧ್ಯರೇಖೆ ಭಾರತದ ತೆಂಕಣ ತುದಿಗೆ ಸಮೀಪವಾಗಿ ಹಾದುಹೋಗುವುದರಿಂದ ತಿರುವನಂತಪುರದ ಅಳತೆಗಳಿಗೆ ವಿಶೇಷ ಬೆಲೆ ಇತ್ತು. ಸೂರ್ಯ ತನ್ನ ಸುತ್ತ ತಾನು ತಿರುಗುವ ಅವಧಿಗೂ ಭೂಮಿಯ ಕಾಂತದ ಏರಿಳಿತಕ್ಕೂ ಸಂಬಂಧವಿದೆಯೆಂದು ಬ್ರೌನ್ ಆ ಕಾಲದಲ್ಲೇ ವಾದಿಸಿದ್ದರು.

ಇನ್ನೊಂದು ವೀಕ್ಷಣಾಲಯ ಮುಂಬಯಿಯ ಕೊಲಾಬಾದಲ್ಲಿ ಇತ್ತು. ಅಲ್ಲಿನ ಸಿಬ್ಬಂದಿ ಗಂಟೆಗೊಮ್ಮೆ ಸೂಜಿಯ ಸ್ಥಾನವನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಸೂಜಿ ಹುಚ್ಚೆದ್ದಾಗ ಇನ್ನೂ ಬೇಗಬೇಗನೆ ಬರೆಯುತ್ತಿದ್ದರು. ೧೮೫೯ರ ಸೆಪ್ಟೆಂಬರ್ ೧ರಂದು ಲಂಡನ್ ಸಮೀಪ ರಿಚರ್ಡ್ ಕ್ಯಾರಿಂಗ್ಟನ್ ಅವರು ಸೂರ್ಯನ ಮೇಲೆ ಕಣ್ಣು ಕೋರೈಸುವ ಸ್ಫೋಟವೊಂದನ್ನು ಕಂಡರು. ಅದಾಗಿ ಹದಿನೇಳು ಹದಿನೆಂಟು ಗಂಟೆಗಳಲ್ಲಿ ಭೂಮಿಯ ಕಾಂತಕ್ಷೇತ್ರವೇ ನಡುಗಿತು. ಕೊಲಾಬಾದ ಸೂಜಿ ಸುಮಾರು ೧೬೦೦ ನ್ಯಾನೋಟೆಸ್ಲಾದಷ್ಟು ಕುಸಿಯಿತು. ಅಲ್ಲಿನ ಕಾಂತಬಲದಲ್ಲಿ ಅದು ನೂರಕ್ಕೆ ಸುಮಾರು ನಾಲ್ಕು ಪಾಲು. ಕೇಳಲು ಸಣ್ಣದೆನಿಸಬಹುದು, ದೊಡ್ಡದೆನ್ನುವ ಕಾಂತದ ಬಿರುಗಾಳಿಯಲ್ಲೂ ಕೆಲವು ನೂರರಷ್ಟೇ ಕುಸಿತವಾಗುವುದು ರೂಢಿ. ಆ ಕಡತ ಬಹುಕಾಲ ಹಾಗೆಯೇ ಇತ್ತು. ೨೦೦೩ರಲ್ಲಿ ಭಾರತೀಯ ಭೂಕಾಂತ ಸಂಸ್ಥೆಯ ಜಿ. ಎಸ್. ಲಾಖಿನಾ ಮತ್ತು ಎಸ್. ಅಲೆಕ್ಸ್ ಅವರು ವಿದೇಶಿ ವಿಜ್ಞಾನಿಗಳೊಡನೆ ಕೂಡಿ ಅದನ್ನು ಬಿಡಿಸಿ ಓದಿದಾಗ, ಆ ಮಹಾ ಬಿರುಗಾಳಿಯ ಬಲವನ್ನು ಅಂದಾಜಿಸಲು ಲೋಕಕ್ಕೆ ಒದಗಿದ ಅಮೂಲ್ಯ ದಾಖಲೆ ಅದೇ ಆಯಿತು. ಹೆಸರು ಉಳಿಯದ ಆ ಬರಹಗಾರರ ಶ್ರದ್ಧೆಗೆ ೧೪೪ ವರ್ಷಗಳ ಮೇಲೆ ಫಲ ಬಂತು.

೧೮೭೨ರ ಫೆಬ್ರವರಿ ೪ರ ರಾತ್ರಿ ಇನ್ನೊಂದು ಬಿರುಗಾಳಿ ಎದ್ದಾಗ ಸ್ವತಃ ಮುಂಬಯಿಯಲ್ಲೇ ಧ್ರುವಪ್ರಭೆ ಕಂಡಿತೆಂದು ಅಂದಿನ ಪತ್ರಿಕೆಗಳಲ್ಲಿ ಸುದ್ದಿ ಬಂತು. ತಂತಿ ಸಂದೇಶಗಳೂ ಅಸ್ತವ್ಯಸ್ತವಾದವು. ಕೊಲಾಬಾದ ಮೊದಲ ಭಾರತೀಯ ನಿರ್ದೇಶಕರಾದ ನಾನಾಭಾಯಿ ಮೂಸ್ ಅವರ ಕಾಲದಲ್ಲಿ, ಮುಂಬಯಿಯ ಟ್ರಾಮುಗಳಿಗೆ ವಿದ್ಯುತ್ ಬರಲಿದೆಯೆಂದಾದಾಗ, ಸೂಜಿಗೆ ತೊಂದರೆಯಾಗದಂತೆ ಕಾಂತದ ಉಪಕರಣಗಳನ್ನು ೧೯೦೪ರಲ್ಲಿ ಅಲಿಬಾಗಿಗೆ ಸಾಗಿಸಲಾಯಿತು. ಆ ಸರಣಿಯ ಅಳತೆ ಅಲ್ಲಿ ಮುಂದುವರಿಯಿತು.

ಇಷ್ಟು ಹೊತ್ತಿಗೆ ಲೋಕಕ್ಕೆ ತಿಳಿದದ್ದೇನೆಂದರೆ, ಸೂರ್ಯ ಸಿಟ್ಟಾದಾಗ ಧ್ರುವಪ್ರಭೆ ಬಲವಾಗಿ ಬರುತ್ತದೆ, ಧ್ರುವದಿಂದ ಕೆಳಕ್ಕೂ ಹರಡುತ್ತದೆ ಎಂಬುದು. ಆದರೆ ನಮ್ಮ ಅಡ್ಡಗೆರೆಯ ಸ್ವಭಾವ ಇದಕ್ಕೆ ತೀರಾ ಉಲ್ಟಾ. ಆಸ್ಟ್ರೇಲಿಯಾದ ಡಗ್ಲಾಸ್ ಮಾಸನ್ ಅವರು ದಕ್ಷಿಣ ಧ್ರುವಖಂಡದಲ್ಲಿ ಬೀಡುಬಿಟ್ಟಿದ್ದವರು. ಬೆಳಕಿನ ಬಳೆಯ ಒಳಗಡೆ, ಕತ್ತಲಿರಬೇಕಾದ ನೆತ್ತಿಯಲ್ಲಿ ಕಾಣುವ ಪ್ರಭೆಯ ಪ್ರಸ್ತಾಪ ೧೯೧೬ರಲ್ಲಿ ಅವರ ಬರಹದಲ್ಲಿ ಬಂತು. ಮುಂದಿನ ದಶಕಗಳಲ್ಲಿ ಇಂಥ ಗೆರೆಗಳನ್ನು ಹಲವರು ಕಂಡರು. ಅವು ಸೂರ್ಯನ ದಿಕ್ಕಿಗೆ ಮುಖಮಾಡಿ ಮಲಗಿರುತ್ತವೆ, ಹೆಚ್ಚಾಗಿ ಮಂಕು, ಕಾಂತದ ಸೂಜಿ ಶಾಂತವಾಗಿದ್ದಾಗಲೇ ಬರುತ್ತವೆ. ಬಿರುಗಾಳಿ ಇಲ್ಲದ ಹೊತ್ತಿನಲ್ಲಿ ಬೆಳಕು!

ಇದನ್ನು ಬಿಡಿಸಿ ಹೇಳಬೇಕಾದರೆ ಆಕಾಶದ ಭೂಗೋಳವನ್ನು ಸ್ವಲ್ಪ ತಿಳಿಯಬೇಕು. ಸೂರ್ಯನಿಂದ ವಿದ್ಯುತ್ ಕಣಗಳ ಒಂದು ಗಾಳಿ ಸದಾ ಬೀಸುತ್ತಲೇ ಇರುತ್ತದೆ. ವೇಗ ಸೆಕೆಂಡಿಗೆ ಸುಮಾರು ೪೦೦ ಕಿಲೋಮೀಟರ್. ನಮ್ಮಲ್ಲಿಗೆ ತಲುಪಲು ಸುಮಾರು ನಾಲ್ಕು ದಿನ. ಅದು ಸದಾ ಬೀಸುತ್ತದೆಂಬುದನ್ನು ೧೯೬೨ರಲ್ಲಿ ಶುಕ್ರ ಗ್ರಹದತ್ತ ಹೊರಟ ಮ್ಯಾರಿನರ್-೨ ನೌಕೆ ಖಚಿತಪಡಿಸಿತು. ಆ ನೌಕೆ ಕಳಿಸಿದ ಅಂಕಿಗಳನ್ನು ಭೂಮಿಯ ಕಾಂತದ ಏರಿಳಿತದೊಡನೆ ಹೋಲಿಸಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದಲ್ಲಿದ್ದ ಒಬ್ಬ ತರುಣ ಕನ್ನಡಿಗರೂ ಇದ್ದರು. ಅವರೇ ಉಡುಪಿ ರಾಮಚಂದ್ರ ರಾವ್, ನಮ್ಮೆಲ್ಲರ ಯು. ಆರ್. ರಾವ್. ಅವರು ಹುಟ್ಟಿದ್ದು ೧೯೩೨ರಲ್ಲಿ, ಉಡುಪಿ ಸಮೀಪದ ಅದಮಾರಿನಲ್ಲಿ. ಆಗ ಅದಮಾರು ಮತ್ತು ಕಾಸರಗೋಡು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ೧೯೫೬ರ ನವೆಂಬರ್ ೧ರ ರಾಜ್ಯ ವಿಂಗಡಣೆಯಲ್ಲಿ ಅವು ಬೇರೆಬೇರೆ ರಾಜ್ಯಗಳಿಗೆ ಹೋದವು. ಮುಂದೆ ೧೯೭೫ರಲ್ಲಿ ಹಾರಿದ ಮೊದಲ ಭಾರತೀಯ ಉಪಗ್ರಹ ‘ಆರ್ಯಭಟ’ದ ಹಿಂದಿದ್ದ ಮುಖ್ಯ ಕೈಯೂ ಅವರದೇ. ೨೦೧೭ರಲ್ಲಿ ಅವರು ತೀರಿಕೊಂಡರು.

ಹೊಳೆಯ ನಡುವಿನ ಬಂಡೆಯನ್ನು ನೀರು ಬಳಸಿಕೊಂಡು ಹೋಗುವಂತೆ ಸೂರ್ಯನ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಬಳಸಿಕೊಂಡು ಹೋಗುತ್ತದೆ. ಹೋಗುತ್ತ ಹೋಗುತ್ತ ಆ ಕ್ಷೇತ್ರವನ್ನು ಇರುಳಿನ ಕಡೆಗೆ ಉದ್ದ ಬಾಲದಂತೆ ಎಳೆಯುತ್ತದೆ. ಕಾಂತಕ್ಷೇತ್ರವನ್ನು ರೇಖೆಗಳಾಗಿ ಭಾವಿಸುವುದು ವಾಡಿಕೆ. ಕೆಲವು ರೇಖೆಗಳು ಎರಡು ಕಂಬಗಳಿಗೆ ಬಿಗಿದ ಬಳ್ಳಿಯಂತೆ: ಒಂದು ತುದಿ ಉತ್ತರ ಗೋಳಾರ್ಧದಲ್ಲಿ, ಇನ್ನೊಂದು ದಕ್ಷಿಣದಲ್ಲಿ. ಇವು ಮುಚ್ಚಿದ ರೇಖೆಗಳು. ಇವುಗಳಲ್ಲಿ ಕಣಗಳು ಸಿಕ್ಕಿಕೊಂಡು ಅತ್ತಿತ್ತ ಓಡಾಡುತ್ತವೆ, ಬಿಸಿಯಾಗುತ್ತವೆ, ವಾಯುಮಂಡಲಕ್ಕೆ ಬಡಿದು ಬೆಳಕು ಕೊಡುತ್ತವೆ. ನೆಲದಿಂದ ೧೦೦ ಕಿಲೋಮೀಟರಿಗೂ ಮೇಲಿನ ಆಮ್ಲಜನಕದಿಂದ ಹಸಿರು, ಇನ್ನೂ ಎತ್ತರದ ಆಮ್ಲಜನಕದಿಂದ ಕೆಂಪು. ಇನ್ನು ಕೆಲವು ರೇಖೆಗಳು ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ಗಾಳಿಗೆ ಬಿಟ್ಟ ಬಳ್ಳಿಯಂತೆ: ಒಂದು ತುದಿ ಧ್ರುವದ ನೆತ್ತಿಯಲ್ಲಿ, ಇನ್ನೊಂದು ಸೂರ್ಯನ ಗಾಳಿಯಲ್ಲಿ. ಇವು ತೆರೆದ ರೇಖೆಗಳು. ಇವುಗಳಲ್ಲಿ ಕಣಗಳು ನಿಲ್ಲವು, ಬಾಹ್ಯಾಕಾಶಕ್ಕೆ ಸೋರಿಹೋಗುತ್ತವೆ. ಆದ್ದರಿಂದ ನೆತ್ತಿ ಕತ್ತಲು. ಬೆಳಕಿನ ಬಳೆಯ ಒಳ ಅಂಚು ಎಂದರೆ ಮುಚ್ಚಿದ ಸೀಮೆಗೂ ತೆರೆದ ಸೀಮೆಗೂ ನಡುವಿನ ಗಡಿ ಎಂದು ಸ್ಥೂಲವಾಗಿ ಹೇಳಬಹುದು. ಆ ಬಳೆಯ ಆಕಾರವನ್ನು ೧೯೬೦ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಫೆಲ್ಡ್‌ಸ್ಟೈನ್ ಖಚಿತವಾಗಿ ಗುರುತಿಸಿದರು. ೧೯೫೭–೫೮ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಹಲವು ದೇಶಗಳು ತೆಗೆದ ಆಕಾಶದ ಚಿತ್ರಗಳು ಅದಕ್ಕೆ ನೆರವಾದವು.

ರೇಖೆಗಳು ತೆರೆದುಕೊಳ್ಳುವುದು ಹೇಗೆ? ೧೯೬೧ರಲ್ಲಿ ಇಂಗ್ಲೆಂಡಿನ ಜೇಮ್ಸ್ ಡಂಜಿ ಒಂದು ಉತ್ತರ ಕೊಟ್ಟರು. ಸೂರ್ಯನ ಗಾಳಿಯೂ ತನ್ನ ಕಾಂತಕ್ಷೇತ್ರವನ್ನು ಹೊತ್ತು ತರುತ್ತದೆ. ಅದರ ಮುಖ ಒಮ್ಮೆ ತೆಂಕಿಗೆ, ಒಮ್ಮೆ ಬಡಗಿಗೆ ಇರುತ್ತದೆ. ಮಲಯಾಳದಲ್ಲಿ ತೆಕ್ಕ್, ವಡಕ್ಕ್. ತುಳುವಿನಲ್ಲಿ ತೆನ್ಕಾಯಿ, ಬಡಕಾಯಿ. ಯಕ್ಷಗಾನ ಬಲ್ಲ ನಮಗೆ ತೆಂಕು–ಬಡಗಿನ ವ್ಯತ್ಯಾಸವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಭೂಮಿಯ ಹಗಲಿನ ಕಡೆಯಲ್ಲಿ ಕಾಂತರೇಖೆಗಳು ಬಡಗುಮುಖವಾಗಿರುತ್ತವೆ. ಎದುರಿನಿಂದ ತೆಂಕುಮುಖದ ಕ್ಷೇತ್ರ ಬಂದರೆ ಎರಡೂ ವಿರುದ್ಧ ದಿಕ್ಕಿನವು. ಆಗ ರೇಖೆಗಳು ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ. ಮುಚ್ಚಿದ ರೇಖೆ ತೆರೆದ ರೇಖೆಯಾಗುತ್ತದೆ. ಗಾಳಿ ಅದನ್ನು ನೆತ್ತಿಯ ಮೇಲಿನಿಂದ ಬಾಲದತ್ತ ಎಳೆಯುತ್ತದೆ. ಬಾಲದಲ್ಲಿ ಉತ್ತರದ ಮತ್ತು ದಕ್ಷಿಣದ ತೆರೆದ ರೇಖೆಗಳು ಸಂಧಿಸಿ ಮತ್ತೆ ಮುಚ್ಚಿಕೊಂಡು, ಬೆಳಗಿನ ಅಥವಾ ಸಂಜೆಯ ಬದಿಯಿಂದ ಹಗಲಿನ ಕಡೆಗೆ ಮರಳುತ್ತವೆ. ಬಿರುಗಾಳಿಯ ದಿನಗಳಲ್ಲಿ ಈ ಚಕ್ರ ಜೋರಾಗಿ ತಿರುಗುತ್ತದೆ. ಬಡಗುಮುಖದ ಕ್ಷೇತ್ರ ಬಂದಾಗ ಎದುರುಬದಿಯ ಈ ಕಡಿದು ಕೂಡುವಿಕೆ ನಿಲ್ಲುತ್ತದೆ, ಬಳೆ ಕುಗ್ಗುತ್ತದೆ, ಸೂಜಿ ಶಾಂತವಾಗುತ್ತದೆ.

ನಮ್ಮ ಅಡ್ಡಗೆರೆ ಕಾಣಿಸಿಕೊಳ್ಳುವುದು ಈ ಬಡಗುಮುಖದ, ಶಾಂತವೆನಿಸಿದ ಹೊತ್ತಿನಲ್ಲಿ.

ನೆಲದ ಮೇಲೆ ನಿಂತವನಿಗೆ ಆಕಾಶದ ಒಂದು ತುಂಡು ಮಾತ್ರ ಕಾಣುತ್ತದೆ. ಇಡೀ ಗೆರೆ ಕಾಣದು. ೧೯೮೧ರ ಆಗಸ್ಟ್ ೩ರಂದು ಅಮೆರಿಕ ‘ಡೈನಾಮಿಕ್ಸ್ ಎಕ್ಸ್‌ಪ್ಲೋರರ್-೧’ ಎಂಬ ಉಪಗ್ರಹವನ್ನು ಹಾರಿಸಿತು. ಅದು ಇಪ್ಪತ್ತು ಸಾವಿರ ಕಿಲೋಮೀಟರಿಗೂ ಎತ್ತರ ಏರಿ ಇಡೀ ಧ್ರುವವನ್ನು ಒಂದೇ ನೋಟದಲ್ಲಿ ಹಿಡಿಯುವಂತಿತ್ತು. ಅದರ ಚಿತ್ರಗಳನ್ನು ಪರೀಕ್ಷಿಸಿದ ಐಯೋವಾ ವಿಶ್ವವಿದ್ಯಾಲಯದ ಲೂಯಿ ಫ್ರಾಂಕ್ ಮತ್ತು ಸಂಗಡಿಗರು ಬಳೆಯ ನಡುವೆ ಅಡ್ಡಗೆರೆಯನ್ನು ಕಂಡು, ೧೯೮೨ರಲ್ಲಿ ಲೋಕಕ್ಕೆ ತಿಳಿಸಿದರು. ‘ಥೀಟಾ ಪ್ರಭೆ’ ಎಂಬ ಹೆಸರು ಬಂದದ್ದು ಹೀಗೆ. ಆ ಉಪಗ್ರಹ ಹಾರಿದ ವರ್ಷವೇ, ಡಿಸೆಂಬರ್ ೬ರಂದು, ಡಾ. ಎಸ್. ಝಡ್. ಕಾಸಿಂ ಅವರ ನಾಯಕತ್ವದಲ್ಲಿ ಭಾರತದ ಮೊದಲ ತಂಡ ನಮ್ಮದೇ ಪಡುವಣ ಕರಾವಳಿಯ ಗೋವೆಯಿಂದ ದಕ್ಷಿಣ ಧ್ರುವಖಂಡಕ್ಕೆ ಹೊರಟು, ೧೯೮೨ರ ಜನವರಿ ೯ರಂದು ಅಲ್ಲಿ ಕಾಲಿಟ್ಟಿತು.

ಚಿತ್ರ ಸಿಕ್ಕಿತು, ಹೆಸರೂ ಸಿಕ್ಕಿತು. ವಾದ ಆರಂಭವಾದದ್ದೂ ಅಲ್ಲಿಂದಲೇ. ಸುತ್ತಲೂ ತೆರೆದ ರೇಖೆಗಳ ಸೀಮೆ. ನಡುವೆ ಈ ಬೆಳಕಿನ ಪಟ್ಟಿ. ಈ ಪಟ್ಟಿ ಯಾವ ಸೀಮೆಗೆ ಸೇರಿದ್ದು? ಒಂದು ಪಕ್ಷದವರು, ಸುತ್ತಲಿನದು ತೆರೆದದ್ದಾದರೆ ಇದೂ ತೆರೆದದ್ದೇ, ಸೂರ್ಯನ ಗಾಳಿಯಿಂದಲೇ ಹೇಗೋ ಕಣಗಳು ನೇರವಾಗಿ ಸುರಿಯುತ್ತಿವೆ ಎಂದರು. ಇನ್ನೊಂದು ಪಕ್ಷದವರು, ಇದು ಮುಚ್ಚಿದ ರೇಖೆಗಳ ತುಂಡು, ತನ್ನ ಸೀಮೆಯಿಂದ ಹೊರಚಾಚಿ ಪರಸೀಮೆಯ ನಡುವೆ ಬಂದು ನಿಂತಿದೆ ಎಂದರು. ಮಾತು ಕೇವಲ ಹೆಸರಿಗಲ್ಲ. ಎರಡನೆಯದು ನಿಜವಾದರೆ, ಶಾಂತವೆಂದು ಕೈಬಿಟ್ಟ ಹೊತ್ತಿನಲ್ಲೂ ಭೂಮಿಯ ಕಾಂತದ ಬಾಲದಲ್ಲಿ ರೇಖೆಗಳು ಕೂಡಿಕೊಳ್ಳುತ್ತಲೇ ಇವೆ, ಬಿಸಿ ಕಣಗಳು ಸಂಗ್ರಹವಾಗುತ್ತಲೇ ಇವೆ ಎಂದಾಗುತ್ತದೆ. ಭೂಮಿಯ ಸುತ್ತಲಿನ ಶಕ್ತಿಯ ಲೆಕ್ಕವನ್ನೇ ಆಗ ಪುನಃ ಬರೆಯಬೇಕು.

೨೦೦೫ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸ್ಟೀವ್ ಮಿಲನ್ ಮತ್ತು ಸಂಗಡಿಗರು ಒಂದು ವಿವರಣೆ ಮುಂದಿಟ್ಟರು. ಅದನ್ನು ನಮ್ಮ ತೋಡಿನ ಕಟ್ಟದಿಂದ ತಿಳಿದುಕೊಳ್ಳಬಹುದು. ಸೂರ್ಯನ ಗಾಳಿಯ ಕ್ಷೇತ್ರ ಬಡಗುಮುಖವಾಗಿರುವಾಗಲೂ ಅದಕ್ಕೆ ಸ್ವಲ್ಪ ಮೂಡಣ–ಪಡುವಣದ ಓರೆ ಇರುತ್ತದೆ. ಆ ಓರೆ ಕಾಂತದ ಬಾಲವನ್ನು, ಹಗ್ಗ ಹೊಸೆಯುವಾಗ ತಿರುಚುವಂತೆ, ತಿರುಚಿಬಿಡುತ್ತದೆ. ತಿರುಚಿದ ಬಾಲದಲ್ಲಿ ರೇಖೆಗಳು ನಿಧಾನವಾಗಿ ಕೂಡಿ ಮುಚ್ಚಿಕೊಂಡಾಗ, ಒಂದೇ ರೇಖೆಯ ಉತ್ತರದ ಕಾಲು ನಡುರಾತ್ರಿಯ ಒಂದು ಬದಿಗೆ, ದಕ್ಷಿಣದ ಕಾಲು ಇನ್ನೊಂದು ಬದಿಗೆ ಬೀಳುತ್ತದೆ. ಈಗ ಅದು ಹಗಲಿನ ಕಡೆಗೆ ಮರಳಬೇಕು. ಒಂದು ಕಾಲು ಸಂಜೆಯ ದಾರಿ ಹಿಡಿಯುತ್ತದೆ, ಇನ್ನೊಂದು ಬೆಳಗಿನ ದಾರಿ ಹಿಡಿಯುತ್ತದೆ. ಎರಡೂ ಒಂದೇ ಬಳ್ಳಿಯ ತುದಿಗಳಾದ್ದರಿಂದ ಯಾವ ಕಡೆಗೂ ಹೋಗಲಾರದೆ ನಡುರಾತ್ರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಶಿರಿಯಾ ಹೊಳೆಗೆ ಸೇರುವ ತೋಡುಗಳಿಗೆ ನಮ್ಮ ಕೃಷಿಕರು ಬೇಸಗೆಗೆ ಮುನ್ನ ಕಟ್ಟ ಕಟ್ಟುತ್ತಾರಷ್ಟೆ. ಮುಂದೆ ಹರಿಯಲಾರದ ನೀರು ತೋಡಿನ ಗುಂಟ ಹಿಂದಕ್ಕೆ ಚಾಚಿಕೊಳ್ಳುತ್ತದೆ; ಎರಡು ಬದಿಯೂ ಒಣನೆಲ, ನಡುವೆ ಉದ್ದನೆಯ ನೀರಿನ ನಾಲಗೆ. ಹಾಗೆಯೇ ಮುಚ್ಚಿದ ರೇಖೆಗಳು ಒಟ್ಟಾಗಿ, ತೆರೆದ ಸೀಮೆಯ ನಡುವೆ ನಾಲಗೆಯಂತೆ ಬೆಳೆದು, ನಡುರಾತ್ರಿಯ ಅಂಚಿನಿಂದ ಹೊರಟು ನೆತ್ತಿಯನ್ನು ದಾಟಿ ನಡುಹಗಲಿನ ಅಂಚಿನತ್ತ ಚಾಚುತ್ತವೆ. ಆ ನಾಲಗೆಯ ಕಾಲಬುಡದಲ್ಲಿ ಕಾಣುವ ಬೆಳಕೇ ಅಡ್ಡಗೆರೆ. ಅದು ಗಂಟೆಗಟ್ಟಲೆ ನಿಲ್ಲಬಲ್ಲದು. ಸೂರ್ಯನ ಗಾಳಿಯ ಓರೆ ಬದಲಾದರೆ ನಿಧಾನವಾಗಿ ಬೆಳಗಿನ ಬದಿಗೋ ಸಂಜೆಯ ಬದಿಗೋ ಸರಿಯಬಲ್ಲದು.

ವಿವರಣೆ ಚೆನ್ನಾಗಿತ್ತು. ಸಾಕ್ಷಿ ಬೇಕಿತ್ತು. ಗೆರೆಯ ಮೇಲೆ, ಹತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಅದೇ ರೇಖೆಗಳ ನಡುವೆ ನಿಂತು ಕಣಗಳನ್ನು ಮುಟ್ಟಿ ನೋಡಿದವರು ಬೇಕಿತ್ತು. ಅದೇ ಹೊತ್ತಿಗೆ ಕೆಳಗಿನ ಬೆಳಕಿನ ಚಿತ್ರ ತೆಗೆಯುವವರೂ ಬೇಕಿತ್ತು. ೨೦೦೫ರ ಸೆಪ್ಟೆಂಬರ್ ೧೫ರಂದು ಆ ಯೋಗ ಕೂಡಿಬಂತು. ೨೦೦೦ದಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ‘ಕ್ಲಸ್ಟರ್’ ಎಂಬ ನಾಲ್ಕು ಉಪಗ್ರಹಗಳ ಗುಂಪು ಮೇಲಿತ್ತು. ಅಮೆರಿಕದ ‘ಇಮೇಜ್’ ಉಪಗ್ರಹ ಧ್ರುವಪ್ರಭೆಯ ಚಿತ್ರ ತೆಗೆಯುತ್ತಿತ್ತು. ಗೆರೆ ಸರಿಯುತ್ತ ಸರಿಯುತ್ತ ಕ್ಲಸ್ಟರಿನ ಕಾಲಡಿಗೆ ಬಂದಾಗಲೆಲ್ಲ ಮೇಲೆ ಬಿಸಿ ಕಣಗಳು ಸಿಕ್ಕವು. ಗೆರೆ ಸರಿದುಹೋದಾಗ ಅವು ಮಾಯವಾದವು. ಸಾಲದ್ದಕ್ಕೆ, ಆ ಕಣಗಳ ಓಟದಲ್ಲಿ ಎರಡೂ ತುದಿ ಭೂಮಿಗೆ ತಗಲಿರುವ ರೇಖೆಗಳ ಗುರುತು ಸ್ಪಷ್ಟವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಇಮೇಜ್ ಉಪಗ್ರಹದ ಸಂಪರ್ಕವೇ ತಪ್ಪಿತು. ಮೂರು ತಿಂಗಳು ತಡವಾಗಿದ್ದರೆ ಈ ಸಾಕ್ಷಿ ಸಿಗುತ್ತಿರಲಿಲ್ಲ.

ಆ ಅಂಕಿಗಳನ್ನು ವಿಶ್ಲೇಷಿಸಿ ರಾಬರ್ಟ್ ಫಿಯರ್, ಮಿಲನ್ ಮತ್ತು ಸಂಗಡಿಗರು ೨೦೧೪ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು: ಆ ಗೆರೆ ಮುಚ್ಚಿದ ರೇಖೆಗಳದ್ದು. ಥೀಟಾ ಎಂಬ ಹೆಸರಿನೊಂದಿಗೆ ಅದನ್ನು ಲೋಕಕ್ಕೆ ತೋರಿಸಿದ ಫ್ರಾಂಕ್ ಅವರು ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ನೆತ್ತಿಯಲ್ಲಿ ಕಾಣುವ ಎಲ್ಲ ಗೆರೆಗಳಿಗೂ ಇದೊಂದೇ ಕಾರಣವೆಂದು ಇದರ ಅರ್ಥವಲ್ಲ. ತೆರೆದ ಸೀಮೆಯಲ್ಲೇ ಹುಟ್ಟುವ ಮಂಕಾದ ಸಣ್ಣ ಗೆರೆಗಳೂ ಇವೆ. ಆದರೆ ಬಳೆಯ ಈ ಅಂಚಿನಿಂದ ಆ ಅಂಚಿಗೆ ಹೋಗುವ ದೊಡ್ಡ ಗೆರೆಯ ವಿಚಾರದಲ್ಲಿ, ಪರಸೀಮೆಯ ನಡುವೆ ಇದ್ದರೂ ಅದರ ಎರಡು ಬೇರುಗಳೂ ಭೂಮಿಯಲ್ಲೇ ಇವೆ ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿತು. ಗಡಿಯ ಆಚೆಗೆ ಬಿದ್ದುದೆಲ್ಲ ಆಚೆಯದೇ ಆಗಬೇಕಿಲ್ಲ ಎಂಬುದು ಕಾಸರಗೋಡಿನ ಕನ್ನಡಿಗನಿಗೆ ಹೊಸ ಪಾಠವಲ್ಲ. ಭೌತಶಾಸ್ತ್ರಕ್ಕೆ ಮಾತ್ರ ಅದನ್ನು ಸಿದ್ಧಪಡಿಸಲು ಮೂವತ್ತೆರಡು ವರ್ಷ ಬೇಕಾಯಿತು. ಕ್ಲಸ್ಟರ್ ಗುಂಪಿನ ಕೆಲಸವೂ ಈಗ ಮುಗಿದಿದೆ. ಅದರ ಮೊದಲ ಉಪಗ್ರಹ ೨೦೨೪ರ ಸೆಪ್ಟೆಂಬರ್ ೮ರಂದು ವಾಯುಮಂಡಲಕ್ಕೆ ಮರಳಿ ಉರಿದುಹೋಯಿತು.

ಇದೆಲ್ಲ ನಮಗೇಕೆ ಎಂದು ಅಡಿಕೆ ತೋಟದಲ್ಲಿ ಕೆಲಸ ಮಾಡುತ್ತ ಈ ಮಾತು ಕೇಳುತ್ತಿರುವ ಕೃಷಿಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ೧೯೮೯ರ ಮಾರ್ಚ್ ೧೩ರಂದು ಕಾಂತದ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ತನ್ನು ಸುಮಾರು ಒಂಬತ್ತು ಗಂಟೆ ಕೆಡಿಸಿತು. ಅರುವತ್ತು ಲಕ್ಷ ಜನ ಕತ್ತಲಲ್ಲಿ ಕುಳಿತರು. ಇಂದು ಕಡಲಿಗೆ ಹೋಗುವ ದೋಣಿಯವರು ಉಪಗ್ರಹದಿಂದ ದಾರಿ ತಿಳಿಯುತ್ತಾರೆ. ಆ ಸಂಕೇತ ನಮ್ಮ ತಲೆಯ ಮೇಲಿನ ವಿದ್ಯುತ್ ಕಣಗಳ ಪದರವನ್ನು ತೂರಿಕೊಂಡೇ ಬರಬೇಕು. ಅದೇ ಪದರ ಹಿಂದೆ ರಾತ್ರಿ ಹೊತ್ತು ದೂರದ ಸಿಲೋನ್ ನಿಲಯದ ಹಾಡುಗಳನ್ನು ಪ್ರತಿಫಲಿಸಿ ನಮ್ಮ ರೇಡಿಯೋ ಪೆಟ್ಟಿಗೆಗೆ ತಂದುಕೊಡುತ್ತಿತ್ತು. ಕಾಂತದ ಭೂಮಧ್ಯರೇಖೆಯ ಸಮೀಪ ಆ ಪದರ ವಿಶೇಷವಾಗಿ ವರ್ತಿಸುತ್ತದೆಂಬ ಕಾರಣಕ್ಕೇ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಊರನ್ನು ಆರಿಸಿ, ೧೯೬೩ರ ನವೆಂಬರ್ ೨೧ರ ಸಂಜೆ ಅಲ್ಲಿಂದ ಮೊದಲ ರಾಕೆಟ್ ಹಾರಿಸಲಾಯಿತು. ಅದು ಆಕಾಶದಲ್ಲಿ ಬಿಟ್ಟ ಸೋಡಿಯಂ ಆವಿಯ ಬಣ್ಣದ ಮೋಡವನ್ನು ತೆಂಕಣದ ಜನ ಬೆರಗಾಗಿ ನೋಡಿದರು.

ಧ್ರುವದ ಕಡೆಗೂ ಈಗ ನಮ್ಮವರ ಕಣ್ಣಿದೆ. ದಕ್ಷಿಣ ಧ್ರುವಖಂಡದಲ್ಲಿ ಭಾರತದ ‘ಮೈತ್ರಿ’ ನೆಲೆ ೧೯೮೯ರಿಂದ, ‘ಭಾರತಿ’ ನೆಲೆ ೨೦೧೨ರಿಂದ ಇವೆ. ಮೈತ್ರಿ ಬೆಳಕಿನ ಬಳೆಯ ಹೊರ ಅಂಚಿನ ಹತ್ತಿರವಾದರೆ, ಭಾರತಿ ಒಳ ಅಂಚಿನ ಆಸುಪಾಸು. ಅದನ್ನೂ ಒಂದು ಗಡಿಠಾಣೆ ಎನ್ನಬಹುದು. ಕೊಲಾಬಾದ ಪರಂಪರೆಯ ಭೂಕಾಂತ ಸಂಸ್ಥೆಯ ಸೂಜಿಗಳು ಅಲ್ಲಿಯೂ ಅಳತೆ ತೆಗೆದಿವೆ. ೨೦೨೪ರ ಮೇ ೧೦ 11ರ ರಾತ್ರಿ ದೊಡ್ಡ ಬಿರುಗಾಳಿ ಎದ್ದಾಗ ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶದ ಕೆಂಪು ಹೊಳಪನ್ನು ಹಿಡಿದವು. ಅದು ತೆಂಕುಮುಖದ ಕ್ಷೇತ್ರ ತಂದ ಬಿರುಗಾಳಿಯ ಬೆಳಕು. ನಮ್ಮ ಅಡ್ಡಗೆರೆ ಬಡಗುಮುಖದ ಶಾಂತಿಯ ಬೆಳಕು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಆ ಮುಖ ಯಾವ ಕಡೆಗಿದೆಯೆಂದು ಮೊದಲೇ ತಿಳಿಯಲು ಭಾರತ ೨೦೨೩ರ ಸೆಪ್ಟೆಂಬರ್ ೨ರಂದು ‘ಆದಿತ್ಯ-ಎಲ್೧’ ನೌಕೆಯನ್ನು ಕಳಿಸಿತು. ೨೦೨೪ರ ಜನವರಿ ೬ರಂದು ಅದು ಭೂಮಿಯಿಂದ ಸೂರ್ಯನತ್ತ ಸುಮಾರು ೧೫ ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಅದರಲ್ಲಿ ಕಾಂತಕ್ಷೇತ್ರದ ತೆಂಕು–ಬಡಗನ್ನು ಅಳೆಯುವ, ಆರು ಮೀಟರ್ ಉದ್ದದ ತೋಳಿಗೆ ಕಟ್ಟಿದ ಉಪಕರಣ ಬೆಂಗಳೂರಿನಲ್ಲಿ ತಯಾರಾದದ್ದು. ಸೂರ್ಯನ ಗಾಳಿಯ ಕಣಗಳನ್ನು ಅಳೆಯುವ ಉಪಕರಣಗಳಲ್ಲಿ ಒಂದು ತಿರುವನಂತಪುರದಲ್ಲಿ ತಯಾರಾದದ್ದು. ಗಡಿಯ ಎರಡು ಬದಿಯ ಕೈಗಳ ಕೆಲಸ ಅಲ್ಲಿ ಒಂದೇ ನೌಕೆಯಲ್ಲಿ ಕುಳಿತಿದೆ.

ಮುಂದೆ ಪತ್ರಿಕೆಯಲ್ಲಿ ಸೂರ್ಯನ ಬಿರುಗಾಳಿಯ ಸುದ್ದಿ ಬಂದಾಗ, ಅದರ ಕಾಂತದ ಮುಖ ತೆಂಕಿಗೋ ಬಡಗಿಗೋ ಎಂದು ವಿಚಾರಿಸಿ. ತೆಂಕಿಗಾದರೆ ಎಚ್ಚರದ ಹೊತ್ತು. ಬಡಗಿಗಾದರೆ, ಧ್ರುವದ ಕತ್ತಲ ನೆತ್ತಿಯಲ್ಲಿ ಎಲ್ಲೋ ಒಂದು ಅಡ್ಡಗೆರೆ ಸದ್ದಿಲ್ಲದೆ ಬೆಳೆಯುತ್ತಿರಬಹುದು. ನಿಮ್ಮ ಮನೆಯ ಮಕ್ಕಳಿಗೆ ಅದನ್ನು ಧ್ರುವಪ್ರಭೆ ಎಂದಾದರೂ ಹೇಳಿ, ಧ್ರುವದೀಪ್ತಿ ಎಂದಾದರೂ ಹೇಳಿ. ಮಲಯಾಳದ ‘ಠ’ ಬರೆದು, ನಡುವೆ ಒಂದು ಗೆರೆ ಎಳೆದು ತೋರಿಸಿದರೆ ಸಾಕು.